ಯಂತ್ರದ ಪರದೆಯನ್ನು ಆರಿಸುವ ಬಗೆ

(ಸಂಘದ ವಾಚನಾಲಯದಲ್ಲಿ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ತಂತಿ ಎಳೆಯುವುದು, ಯಂತ್ರ ಕೆಟ್ಟರೆ ಅದರ ಹೊಟ್ಟೆಯೊಳಗೆ ತಲೆ ಹಾಕಿ ನೋಡುವುದು ನನ್ನ ಕಸುಬು. ಕಳೆದ ತಿಂಗಳು ನಮ್ಮ ಕಾರ್ಯದರ್ಶಿಗಳು ಸಿಕ್ಕಿ, "ನೀವು ಯಾವಾಗಲೂ ಪರದೆ, ಪರದೆ ಎಂದು ಹೇಳುತ್ತಿರುತ್ತೀರಲ್ಲ, ಅದೇನೆಂದು ನಮ್ಮವರಿಗೆ ತಿಳಿಯುವ ಹಾಗೆ ಒಂದು ದಿನ ಹೇಳಿ" ಎಂದು ಒತ್ತಾಯ ಮಾಡಿದರು. ಆದುದರಿಂದ ಬಂದು ನಿಂತಿದ್ದೇನೆ. ತಪ್ಪಿದ್ದಲ್ಲಿ ಹಿರಿಯರು ತಿದ್ದಿಕೊಳ್ಳಬೇಕು.

ಇಲ್ಲಿ ಕುಳಿತವರಲ್ಲಿ ಅರ್ಧ ಜನ ಹೋಟೇಲಿನವರು. ಯಂತ್ರದ ಮಾತು ನಮಗೇಕೆ ಎಂದು ಅವರಿಗೆ ಅನ್ನಿಸಬಹುದು. ನಾನೂ ಹೋಟೇಲಿನಿಂದಲೇ ಬಂದವನು. ನನ್ನ ತಂದೆ ಪರಳದ ಕಡೆಯ ಒಂದು ಗಿರಣಿಯಲ್ಲಿ ಬದಲಿಯಾಗಿದ್ದರು. ೧೯೮೨ರ ಜನವರಿ ೧೮ರಂದು ಆರಂಭವಾದ ಮುಷ್ಕರದ ಕಥೆಯನ್ನು ನಿಮಗೆ ಹೇಳಬೇಕಾಗಿಲ್ಲ. ಎಷ್ಟೋ ಮನೆಗಳಂತೆ ನಮ್ಮ ಮನೆಯ ಒಲೆಯೂ ಆಗಲೇ ಆರಿತು. ನಾನು ದಾದರಿನ ಒಂದು ಹೋಟೇಲಿನಲ್ಲಿ ಟೇಬಲು ಒರೆಸಿ, ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿ, ಆ ಮೇಲೆ ಐ.ಟಿ.ಐ.ಯಲ್ಲಿ ವಿದ್ಯುತ್ತಿನ ಕೆಲಸ ಕಲಿತು, ಭಿವಂಡಿಯ ಕಡೆಯ ಒಂದು ಬಣ್ಣದ ಕಾರಖಾನೆಯನ್ನು ಸೇರಿದೆ. ಇಂದು ನಮ್ಮವರ ಮಕ್ಕಳು ಭಿವಂಡಿ, ಡೊಂಬಿವಲಿ, ತಾರಾಪುರಗಳ ಕಾರಖಾನೆಗಳಲ್ಲಿ ಪರದೆಯ ಮುಂದೆ ನಿಂತು ದುಡಿಯುತ್ತಿದ್ದಾರೆ. ದೊಡ್ಡ ಹೋಟೇಲುಗಳ ಉಗಿ ಬಾಯ್ಲರಿಗೂ, ಶೀತಲ ಕೋಣೆಗೂ ಅದೇ ಜಾತಿಯ ಪರದೆ ಬಂದಿದೆ. ಆದುದರಿಂದ ಈ ಮಾತು ಇಬ್ಬರಿಗೂ ಸಂಬಂಧಪಟ್ಟದ್ದು.

ಪರದೆ ಎಂದರೇನು? ಹೋಟೇಲಿನ ಲೆಕ್ಕದಲ್ಲಿ ಹೇಳುತ್ತೇನೆ. ಒಳಗೆ ಅಡಿಗೆಯವರು ಇರುತ್ತಾರೆ, ಹೊರಗೆ ಗಿರಾಕಿ ಇರುತ್ತಾನೆ, ನಡುವೆ ಒಂದು ಕಿಟಿಕಿ. ಕಾರಖಾನೆಯಲ್ಲಿ ಅಡಿಗೆಯವನ ಸ್ಥಾನದಲ್ಲಿ ಪಿ.ಎಲ್.ಸಿ. ಎಂಬ ಒಂದು ಪೆಟ್ಟಿಗೆ ಇದೆ. ವಾಲ್ವು ತೆರೆ, ಪಂಪು ನಡೆಸು, ಉಗಿ ಬಿಡು ಎಂಬ ಕೆಲಸವೆಲ್ಲ ಅದರದ್ದು. ಆ ಪೆಟ್ಟಿಗೆಗೂ ಮನುಷ್ಯನಿಗೂ ನಡುವಣ ಕಿಟಿಕಿಯೇ ಪರದೆ; ಇಂಜಿನಿಯರುಗಳು ಅದನ್ನು ಎಚ್.ಎಂ.ಐ. ಎನ್ನುತ್ತಾರೆ. ಹತ್ತಾರು ಯಂತ್ರಗಳಿಗೆ ಸೇರಿ ಒಂದೇ ದೊಡ್ಡ ಕಿಟಿಕಿ ಇಟ್ಟು, ಲೆಕ್ಕಪತ್ರವನ್ನೂ ಬರೆದಿಟ್ಟರೆ ಅದಕ್ಕೆ ಸ್ಕಾಡಾ ಎಂದು ಹೆಸರು. ಕಿಟಿಕಿಯಲ್ಲಿ ಕಾಣುವ ಒಂದೊಂದು ಸಂಗತಿ, ಎಂದರೆ ಉಷ್ಣತೆ, ನೀರಿನ ಮಟ್ಟ, ಪಂಪು ಓಡುತ್ತಿದೆಯೋ ಇಲ್ಲವೋ, ಇವುಗಳಿಗೆ ಒಂದೊಂದು ಟ್ಯಾಗು. ಈ ಟ್ಯಾಗು ಎಂಬ ಶಬ್ದವನ್ನು ನೆನಪಿಡಿ. ಹಣದ ಮಾತು ಬಂದಾಗ ಅದೇ ನಮ್ಮ ಕುತ್ತಿಗೆಗೆ ಬರುವುದು.

ಈ ಪಿ.ಎಲ್.ಸಿ. ಹುಟ್ಟಿದ್ದು ಅಮೇರಿಕೆಯಲ್ಲಿ. ಮೋಟಾರು ಮಾಡುವ ಜನರಲ್ ಮೋಟರ್ಸ್ ಕಂಪನಿಯವರು ೧೯೬೮ರಲ್ಲಿ, ಗೋಡೆ ತುಂಬ ರಿಲೇಗಳನ್ನು ಕೂರಿಸಿ, ಮಾದರಿ ಬದಲಾದಾಗಲೆಲ್ಲ ತಂತಿ ಕಿತ್ತು ಮತ್ತೆ ಕಟ್ಟುವ ಕೆಲಸದಿಂದ ಬೇಸತ್ತು, ಇದಕ್ಕೆ ಬದಲು ಏನಾದರೂ ಮಾಡಿಕೊಡಿ ಎಂದು ಕೇಳಿದರು. ಡಿಕ್ ಮಾರ್ಲಿ ಎಂಬವರೂ ಅವರ ಸಂಗಡಿಗರೂ ಮಾಡಿದ ಪೆಟ್ಟಿಗೆಗೆ ಮೋಡಿಕಾನ್ ೦೮೪ ಎಂದು ಹೆಸರಾಯಿತು. ಅದು ಅವರ ಎಂಬತ್ತನಾಲ್ಕನೆಯ ಕೆಲಸವಾಗಿದ್ದುದರಿಂದ ಆ ಅಂಕೆ. ಅದೇ ಮೋಡಿಕಾನಿನವರು ೧೯೭೯ರಲ್ಲಿ ಪೆಟ್ಟಿಗೆಗಳು ಪರಸ್ಪರ ಮಾತಾಡುವುದಕ್ಕೆ ಮಾಡ್‌ಬಸ್ ಎಂಬ ಒಂದು ಸರಳ ಭಾಷೆಯನ್ನು ಮಾಡಿದರು; ಅದರ ವ್ಯಾಕರಣವನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಸಿದರು. ಬಡ ಕಾರಖಾನೆಯು ಇಂದು ಅಗ್ಗದ ಪರದೆಯನ್ನು ಇಟ್ಟುಕೊಳ್ಳಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಇದರಿಂದಲೇ. ಯಾವ ಊರಿನ ಪೆಟ್ಟಿಗೆಯಾದರೂ ಸರಿ, ಮಾಡ್‌ಬಸ್ ಬರುತ್ತದೆಂದರೆ ಅದನ್ನು ಬೇರೊಬ್ಬರ ಪರದೆಗೆ ಕಟ್ಟಬಹುದು.

ಇನ್ನು ನಮ್ಮ ಕಾರಖಾನೆಯ ಕಥೆ. ಬಟ್ಟೆಗೆ ಬಣ್ಣ ಹಾಕುವ ಆರು ಜೆಟ್ ಯಂತ್ರಗಳಿದ್ದವು, ಒಂದು ಬಾಯ್ಲರು. ಆರಕ್ಕೂ ಒಂದು ಪರದೆ ಬೇಕೆಂದು ಯಜಮಾನರಿಗೆ ಆಸೆಯಾಯಿತು. ಒಬ್ಬ ಗುತ್ತಿಗೆದಾರ ಬಂದ. ಒಂದು ಯಂತ್ರಕ್ಕೆ ಎಪ್ಪತ್ತು ಟ್ಯಾಗು, ಆರಕ್ಕೆ ನಾನೂರಿಪ್ಪತ್ತು, ಬಾಯ್ಲರಿಗೆ ಅರುವತ್ತು, ಒಟ್ಟು ನಾನೂರೆಂಬತ್ತು. ಐನೂರು ಟ್ಯಾಗಿನ ಪರವಾನಿಗೆ ಸಾಕು ಎಂದ. ಒಳ್ಳೆಯ ಹೆಸರಿನ ಸಾಫ್ಟ್‌ವೇರು, ಚೆನ್ನಾಗಿಯೇ ನಡೆಯಿತು. ಮರುವರ್ಷ ಇನ್ನೆರಡು ಯಂತ್ರ ಬಂದವು. ನೂರನಲವತ್ತು ಟ್ಯಾಗು ಹೆಚ್ಚಿ ಆರುನೂರಿಪ್ಪತ್ತಾಯಿತು. ಐನೂರರ ಮೇಲೆ ಒಂದು ಟ್ಯಾಗಾದರೂ ಮೇಲಿನ ದರ್ಜೆಯ ಪರವಾನಿಗೆ ಕೊಳ್ಳಬೇಕು. ಚಿತ್ರ ತಿದ್ದುವ ಹಕ್ಕಿಗೆ ಬೇರೆ ಹಣ, ಎರಡನೆಯ ಪರದೆಗೆ ಬೇರೆ ಹಣ. ಊಟಕ್ಕೆ ಕುಳಿತವನಿಗೆ ಉಪ್ಪಿಗೆ ಬೇರೆ, ನೀರಿಗೆ ಬೇರೆ ಬಿಲ್ಲು ಹಾಕಿದ ಹಾಗೆ ಆಯಿತು.

ಇಷ್ಟೇ ಆಗಿದ್ದರೆ ಹಣದ ತೊಂದರೆ ಎಂದು ಬಿಡಬಹುದಿತ್ತು. ಆ ಪರವಾನಿಗೆಯು ಬೆರಳುದ್ದದ ಒಂದು ಡಾಂಗಲ್‌ನಲ್ಲಿ ಇದ್ದಿತು. ದೀಪಾವಳಿಗೆ ಮೊದಲು ಆಫೀಸಿಗೆ ಸುಣ್ಣ ಬಳಿಯುವಾಗ ಕಂಪ್ಯೂಟರನ್ನು ಎತ್ತಿಟ್ಟರು, ಡಾಂಗಲ್ ಮುರಿಯಿತು. ರಾತ್ರಿ ಪಾಳಿಯಲ್ಲಿ ಪರದೆ ಕಪ್ಪಾಯಿತು. ಯಂತ್ರಗಳೇನೋ ನಿಲ್ಲಲಿಲ್ಲ, ಅಡಿಗೆಯವನು ಒಳಗೇ ಇದ್ದನಲ್ಲ; ಆದರೆ ಹೊಸ ಬಣ್ಣದ ಲೆಕ್ಕವನ್ನು ಒಳಗೆ ಕಳಿಸುವ ದಾರಿಯೇ ಇರಲಿಲ್ಲ. ಗುತ್ತಿಗೆದಾರನಿಗೆ ಫೋನು ಮಾಡಿದರೆ ಅವನು ಊರಲ್ಲಿ ಇಲ್ಲ, ಆ ಮೇಲೆ ಆ ನಂಬರೇ ಇಲ್ಲ. ಬೇರೆಯವರನ್ನು ಕರೆಸಿದರೆ, "ಪ್ರಾಜೆಕ್ಟಿಗೆ ಗುಪ್ತಪದ ಹಾಕಿದ್ದಾನೆ, ತೆರೆಯಲು ಬರುವುದಿಲ್ಲ, ಮೊದಲಿನಿಂದ ಮಾಡಬೇಕು" ಎಂದರು. ಎಂಟು ಯಂತ್ರಗಳ ಒಡೆಯರಾದ ನಮ್ಮ ಯಜಮಾನರು ತಮ್ಮ ಯಂತ್ರಗಳ ಕಿಟಿಕಿಗೆ ಒಡೆಯರಾಗಿರಲಿಲ್ಲ. ಹಬ್ಬದ ಸಮಯದಲ್ಲಿ ಒಂಬತ್ತು ದಿನ ಎಂಟು ಯಂತ್ರಗಳ ಬಳಿಯೂ ಒಬ್ಬೊಬ್ಬರು ನಿಂತು, ಕೈಬರಹದ ಚೀಟಿ ನೋಡಿಕೊಂಡು ಗುಂಡಿ ಒತ್ತಿದರು. ಆ ಎಂಟು ಜನರಲ್ಲಿ ನಮ್ಮ ಸಂಘದ ಇಬ್ಬರು ಇದ್ದರು. ಇಂದು ಹಿಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ, ಆಗ ನಗುತ್ತಿರಲಿಲ್ಲ.

ಆ ಒಂಬತ್ತು ದಿನಗಳಲ್ಲಿ ಯಜಮಾನರು ನನ್ನನ್ನು ಕರೆದು, "ಮುಂದಿನ ಪರದೆಯನ್ನು ನೀನೇ ಆರಿಸು" ಎಂದರು. ನನಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಆರು ತಿಂಗಳು ಓದಿದೆ, ಕೇಳಿದೆ, ಒಂದು ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಆಗ ತಿಳಿದುದನ್ನು ಹೇಳುತ್ತೇನೆ.

ಒಂದೇ ಯಂತ್ರ, ಒಂದೇ ಕಿಟಿಕಿ ಎಂದಾದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಯಂತ್ರದ ಮೈಗೇ ಅಂಟಿಸುವ ಬೆರಳು ಮುಟ್ಟುವ ಪ್ಯಾನೆಲುಗಳು ಸಿಗುತ್ತವೆ. ಡೆಲ್ಟಾ, ವೈನ್‌ಟೆಕ್ ಮೊದಲಾದವರು ಪ್ಯಾನೆಲಿಗೆ ಮಾತ್ರ ಹಣ ತೆಗೆದುಕೊಂಡು ಚಿತ್ರ ಬರೆಯುವ ಸಾಫ್ಟ್‌ವೇರನ್ನು ಪುಕ್ಕಟೆ ಕೊಡುತ್ತಾರೆ. ಅವುಗಳಲ್ಲಿ ಮ್ಯಾಕ್ರೋ ಎಂದು ಸಣ್ಣ ಲೆಕ್ಕ ಬರೆಯುವ ಅನುಕೂಲವೂ ಇದೆ. ಸಣ್ಣ ಅಡಿಗೆಮನೆಯ ಬಾಯ್ಲರಿಗೂ ಇಷ್ಟೇ ಸಾಕು.

ಹಲವು ಯಂತ್ರಗಳಿಗೆ ಒಂದೇ ಪರದೆ ಬೇಕಾದಾಗ ಪ್ರಶ್ನೆ ಬೇರೆಯಾಗುತ್ತದೆ. ಟ್ಯಾಗು ಎಣಿಸಿ ಹಣ ಕೇಳುವವರು ಒಂದು ಬಗೆ. ಹಳೆಯ ದೊಡ್ಡ ಹೆಸರುಗಳು ಹೆಚ್ಚಾಗಿ ಹೀಗೆಯೇ ವ್ಯಾಪಾರ ಮಾಡುತ್ತ ಬಂದಿವೆ. ಅವು ಕೆಟ್ಟವೆಂದು ನಾನು ಹೇಳುವುದಿಲ್ಲ. ದೊಡ್ಡ ಎಣ್ಣೆ ಕಾರಖಾನೆಗಳು ಅವುಗಳ ಮೇಲೆಯೇ ನಡೆಯುತ್ತಿವೆ. ಆದರೆ ಬೆಳೆಯುವ ಸಣ್ಣ ಕಾರಖಾನೆಗೆ ಆ ಪದ್ಧತಿ ಎಂದರೆ, ಬೆಳೆದಷ್ಟು ದಂಡ. ಎರಡನೆಯ ಬಗೆಯಲ್ಲಿ ಇಗ್ನಿಷನ್ ಎಂಬ ಅಮೇರಿಕೆಯ ಸಾಫ್ಟ್‌ವೇರು ಇದೆ, ೨೦೧೦ರಲ್ಲಿ ಬಂದದ್ದು. ಅದು ಟ್ಯಾಗು ಎಣಿಸುವುದಿಲ್ಲ, ಪರದೆಗಳನ್ನೂ ಎಣಿಸುವುದಿಲ್ಲ; ನಡುವೆ ಇರುವ ಒಂದು ಮುಖ್ಯ ಕಂಪ್ಯೂಟರಿಗೆ, ಬೇಕಾದ ಭಾಗಗಳಿಗೆ ತಕ್ಕಂತೆ, ಹಣ. ಥಾಲಿ ಊಟದಂತೆ ಎಂದುಕೊಳ್ಳಿ. ಆದರೆ ಥಾಲಿಯ ಬೆಲೆ ಒಂದು ಚಹ ಕುಡಿಯಲು ಬಂದವನಿಗೆ ಭಾರವೇ. ಅದನ್ನು ಕೊಳ್ಳದೆಯೂ ಪರೀಕ್ಷಿಸಿ ನೋಡಬಹುದು: ಎರಡು ತಾಸು ನಡೆದು ನಿಲ್ಲುತ್ತದೆ, ಮತ್ತೆ ಒಂದು ಗುಂಡಿ ಒತ್ತಿದರೆ ಮತ್ತೆ ಎರಡು ತಾಸು. ಕಲಿಯುವವನಿಗೆ ಇದರಿಂದ ಬಹಳ ಉಪಕಾರ. ಮನೆಯಲ್ಲಿ ಕಲಿಯುವುದಕ್ಕೆಂದು ಅವರು ಪುಕ್ಕಟೆ ಕೊಡುವ ಇನ್ನೊಂದು ಆವೃತ್ತಿ ಇದೆ. ಅದನ್ನು ವ್ಯಾಪಾರಕ್ಕೆ ಉಪಯೋಗಿಸಕೂಡದೆಂದು ಅವರ ಷರತ್ತು. ಯಜಮಾನ ಹೇಳಿದನೆಂದು ಅದನ್ನು ಕಾರಖಾನೆಯಲ್ಲಿ ಕೂರಿಸಬೇಡಿ, ನಾಳೆ ಹೆಸರು ಕೆಡುವುದು ಕೂರಿಸಿದವನದ್ದು.

ಮೂರನೆಯ ಬಗೆಯದು ಬೆಲೆಯಿಲ್ಲದೆ ಸಿಗುವಂಥದು, ಒಳಗಿನ ಬರಹವನ್ನೂ ತೆರೆದು ತೋರಿಸುವಂಥದು. ೨೦೧೩ರಲ್ಲಿ ಐ.ಬಿ.ಎಂ. ಕಂಪನಿಯೊಳಗೆ ಹುಟ್ಟಿ ಆ ಮೇಲೆ ಎಲ್ಲರದ್ದೂ ಆದ ನೋಡ್-ರೆಡ್ ಎಂಬುದೊಂದು. ರ‍್ಯಾಪಿಡ್ ಸ್ಕಾಡಾ ಎಂಬುದೊಂದು. ಸಣ್ಣ ಕಂಪ್ಯೂಟರಿನಲ್ಲಿಯೂ ನಡೆಯುತ್ತವೆ. ಆದರೆ ಒಂದು ಮಾತು. ಪುಕ್ಕಟೆ ಎಂಬುದು ಸಾಫ್ಟ್‌ವೇರಿಗೆ ಮಾತ್ರ. ಅದನ್ನು ಕೂರಿಸಿ, ತಿದ್ದಿ, ನಡೆಸಿಕೊಂಡು ಹೋಗುವವನ ದುಡಿಮೆ ಪುಕ್ಕಟೆ ಅಲ್ಲ. ಅದನ್ನು ಯಜಮಾನರಿಗೆ ಮೊದಲೇ ಹೇಳಬೇಕು. ನಾನು ಹೇಳಲಿಲ್ಲ. ಮೂರು ತಿಂಗಳು ಪಾಳಿ ಮುಗಿದ ಮೇಲೆ ಕುಳಿತು ಮಾಡಿದ ಕೆಲಸಕ್ಕೆ ನನಗೆ ಸಿಕ್ಕಿದ್ದು ಒಂದು ಪೆಟ್ಟಿಗೆ ಮಿಠಾಯಿ. ನೀವು ಹಾಗೆ ಮಾಡಬೇಡಿ.

ಇನ್ನು ಸ್ಕ್ರಿಪ್ಟಿನ ವಿಚಾರ. ಈ ಪರದೆಯಲ್ಲಿ ನಾವೇ ನಾಲ್ಕು ಸಾಲು ಬರೆದು ಹೊಸ ಕೆಲಸ ಕಲಿಸಲು ಬರುತ್ತದೆಯೇ, ಇದು ಮುಖ್ಯ ಪ್ರಶ್ನೆ. ಯಾಕೆಂದರೆ ಒಂದೊಂದು ಕಾರಖಾನೆಗೂ ಒಂದೊಂದು ರೂಢಿ. ಒಂದು ಉದಾಹರಣೆ ಕೊಡುತ್ತೇನೆ. ಮುನ್ನೂರು ಕಿಲೋ ಹತ್ತಿ ಬಟ್ಟೆ ಬಂತು, ನೂರಕ್ಕೆ ಎರಡರ ಬಣ್ಣ ಎಂದರೆ ಆರು ಕಿಲೋ. ಬಟ್ಟೆಯ ಎಂಟರಷ್ಟು ನೀರು ಎಂದರೆ ಎರಡು ಸಾವಿರದ ನಾನೂರು ಲೀಟರು. ಲೀಟರಿಗೆ ಅರುವತ್ತು ಗ್ರಾಮಿನಂತೆ ಉಪ್ಪು, ನೂರನಲವತ್ತನಾಲ್ಕು ಕಿಲೋ. ಈ ಲೆಕ್ಕವನ್ನು ನಮ್ಮ ಬಣ್ಣದ ಮಾಸ್ತರರು ಸಿಗರೇಟು ಪೆಟ್ಟಿಗೆಯ ಬೆನ್ನಿನ ಮೇಲೆ ಮಾಡುತ್ತಿದ್ದರು. ರಾತ್ರಿ ಮೂರು ಗಂಟೆಗೆ ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಅಷ್ಟು ಬಟ್ಟೆಯೂ ಹಾಳು, ಅದನ್ನು ತುಂಬಿದ ಹುಡುಗನಿಗೆ ಬೈಗಳು. ಈಗ ತೂಕವನ್ನೂ ಬಣ್ಣದ ಪ್ರಮಾಣವನ್ನೂ ಬರೆದರೆ ಉಳಿದುದನ್ನು ಪರದೆಯೇ ತೋರಿಸುತ್ತದೆ. ಹದಿನೈದು ಸಾಲಿನ ಸ್ಕ್ರಿಪ್ಟು. ಅದನ್ನು ಹೊರಗಿನವರಿಂದ ಮಾಡಿಸಿದ್ದರೆ ಬಣ್ಣ ಬದಲಾದಾಗಲೆಲ್ಲ ಅವರ ಕಾಲು ಹಿಡಿಯಬೇಕಿತ್ತು.

ಸ್ಕ್ರಿಪ್ಟಿನ ಭಾಷೆ ಯಾವುದು ಎಂದು ತಪ್ಪದೆ ಕೇಳಿ. ಕೆಲವರದು ಅವರ ಮನೆಯೊಳಗೆ ಮಾತ್ರ ನಡೆಯುವ ಭಾಷೆ: ಆಸ್ಟ್ರೇಲಿಯದಿಂದ ಬಂದ ಸಿಟೆಕ್ಟ್‌ಗೆ ಸಿಕೋಡ್ ಎಂಬ ಅದರದ್ದೇ ಭಾಷೆ, ಇನ್‌ಟಚ್‌ಗೆ ಅದರದ್ದೇ ಇನ್ನೊಂದು. ಅದನ್ನು ಕಲಿತರೆ ಆ ಕಂಪನಿಯ ಸಾಮಾನು ಇರುವ ಕಡೆ ಮಾತ್ರ ಅನ್ನ. ಸೀಮೆನ್ಸಿನವರ ಹಳೆಯ ವಿನ್‌ಸಿಸಿಯಲ್ಲಿ ವಿಬಿಸ್ಕ್ರಿಪ್ಟು ಇತ್ತು. ಆ ಭಾಷೆಯನ್ನು ಕ್ರಮೇಣ ತೆಗೆದುಹಾಕುವುದಾಗಿ ಮೈಕ್ರೋಸಾಫ್ಟಿನವರೇ ೨೦೨೩ರಲ್ಲಿ ಸಾರಿದ್ದಾರೆ. ಸೀಮೆನ್ಸಿನವರೂ ತಮ್ಮ ಹೊಸ ಪರದೆಯಲ್ಲಿ ಜಾವಾಸ್ಕ್ರಿಪ್ಟಿಗೆ ಹೋದರು. ನೋಡ್-ರೆಡ್‌ನಲ್ಲಿಯೂ ಜಾವಾಸ್ಕ್ರಿಪ್ಟೇ. ಇಗ್ನಿಷನ್‌ನಲ್ಲಿ ಪೈಥಾನ್, ಆದರೆ ಹಳೆಯ ೨.೭ರ ಪೈಥಾನ್, ಹೊಸ ಪುಸ್ತಕ ನೋಡಿ ಬರೆದ ಕೆಲವು ಸಾಲುಗಳು ಅಲ್ಲಿ ನಡೆಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪೈಥಾನ್ ಅಥವಾ ಜಾವಾಸ್ಕ್ರಿಪ್ಟು ಬರುವುದನ್ನೇ ಆರಿಸಿರಿ. ಅವನ್ನು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ, ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೂ ಗೊತ್ತಿವೆ, ಕೆಲಸ ಬಿಟ್ಟು ಬೇರೆಡೆಗೆ ಹೋದರೂ ಕಲಿತದ್ದು ಸಂಗಡ ಬರುತ್ತದೆ. ಯಜಮಾನನಿಗೆ ಯಂತ್ರ ಮುಖ್ಯ, ನಮಗೆ ಕೈಯ ಕಸುಬು ಮುಖ್ಯ.

ಈಗ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಸ್ಕ್ರಿಪ್ಟು ಬಂತೆಂಬ ಹುರುಪಿನಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ಬಣ್ಣದ ನೀರನ್ನು ಹೊರಬಿಡುವ ವಾಲ್ವನ್ನು ತೆರೆದು, ನಾಲ್ಕು ನಿಮಿಷದ ಮೇಲೆ ಮುಚ್ಚುವ ಆಜ್ಞೆಯನ್ನು ಪರದೆಯ ಸ್ಕ್ರಿಪ್ಟಿನಲ್ಲಿ ಬರೆದೆ. ತಿಂಗಳೆರಡು ಸರಿಯಾಗಿಯೇ ನಡೆಯಿತು. ಒಂದು ರಾತ್ರಿ ವಾಲ್ವು ತೆರೆದ ಒಂದು ನಿಮಿಷಕ್ಕೆ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಹೊಸ ವಿಂಡೋಸು ಹಾಕಿಕೊಳ್ಳಲು ಮಲಗಿತು. ತೆರೆ ಎಂದದ್ದು ಹೋಗಿತ್ತು. ಮುಚ್ಚು ಎನ್ನುವವನು ಇರಲಿಲ್ಲ. ಮುಂದಿನ ಸರದಿಯ ನೀರು, ಉಪ್ಪು ಸಮೇತ ಗಟಾರಿಗೆ ಹರಿಯಿತು. ಆ ಗಟಾರಿನ ಬಾಯಲ್ಲಿ ಒಬ್ಬ ಹುಡುಗ ಬಾಲ್ದಿ ತೊಳೆಯುತ್ತ ಕುಳಿತಿದ್ದ. ಅಂದು ಹರಿದುದು ತಣ್ಣೀರು. ಪಾಲಿಯೆಸ್ಟರು ಬಟ್ಟೆಯಾದರೆ ಅದೇ ಯಂತ್ರದಲ್ಲಿ ಒತ್ತಡದ ಒಳಗೆ ನೂರ ಮೂವತ್ತು ಡಿಗ್ರಿಯ ನೀರು ಇರುತ್ತದೆ. ಎಂಬತ್ತರ ಕೆಳಗೆ ಇಳಿಯದೆ ಅದರ ಬಾಗಿಲಿಗೆ ಕೈ ಹಾಕಕೂಡದೆಂದು ನಾವು ಹೊಸಬರಿಗೆ ಮೊದಲ ದಿನವೇ ಹೇಳುತ್ತೇವೆ. ಅಂಥ ಯಂತ್ರದ ವಾಲ್ವನ್ನು ನಾನು ಒಂದು ಆಫೀಸು ಕಂಪ್ಯೂಟರಿನ ನಿದ್ದೆಗೆ ಒಪ್ಪಿಸಿದ್ದೆ. ಆ ಹುಡುಗನ ಮುಖ ನನಗೆ ಬಹಳ ದಿನ ಕಣ್ಣಿಗೆ ಕಟ್ಟಿತ್ತು.

ಮರುದಿನವೇ ಆ ಕೆಲಸವನ್ನು ಪಿ.ಎಲ್.ಸಿ.ಯೊಳಕ್ಕೆ ಹಾಕಿದೆ. ಉಷ್ಣತೆ, ಒತ್ತಡ, ಬಾಗಿಲು, ವಾಲ್ವುಗಳ ಕಟ್ಟುಪಾಡುಗಳೆಲ್ಲ ಪಿ.ಎಲ್.ಸಿ.ಯಲ್ಲಿಯೇ ಇರತಕ್ಕದ್ದು. ತುರ್ತಿಗೆ ಒತ್ತುವ ಕೆಂಪು ಗುಂಡಿಯಂತೂ ಗಟ್ಟಿ ತಂತಿಯಲ್ಲಿ ಇರಬೇಕು, ಪರದೆಯ ಮೇಲಿನ ಚಿತ್ರವಾಗಿ ಅಲ್ಲ. ಪರದೆಯ ಸ್ಕ್ರಿಪ್ಟಿಗೆ ಲೆಕ್ಕ, ವರದಿ, ಎಚ್ಚರಿಕೆಯ ಮಾತು, ಇಷ್ಟೇ ಸಾಕು. ಕಂಪ್ಯೂಟರಿನ ತಂತಿಯನ್ನೇ ಕಿತ್ತುಹಾಕಿದರೂ ಯಂತ್ರದ ಬಳಿಯ ಮನುಷ್ಯನಿಗೆ ಅಪಾಯವಾಗಕೂಡದು. ಪರದೆ ಮಾರಲು ಬಂದವನ ಎದುರಿಗೇ ತಂತಿ ಕಿತ್ತು ನೋಡಿ; ಅವನು ಬೆವರಿದರೆ ಸಾಮಾನು ಕೊಳ್ಳಬೇಡಿ.

ಪರದೆ ತೋರಿಸಿದ್ದೆಲ್ಲ ನಿಜವೇ ಎಂಬುದು ಇನ್ನೊಂದು ಪ್ರಶ್ನೆ. ಅಮೇರಿಕೆಯ ಪೆನ್ಸಿಲ್ವೇನಿಯದಲ್ಲಿ ತ್ರೀ ಮೈಲ್ ಐಲೆಂಡ್ ಎಂಬ ಅಣುವಿದ್ಯುತ್ ಕೇಂದ್ರದಲ್ಲಿ ೧೯೭೯ರ ಮಾರ್ಚ್ ೨೮ರಂದು ಒಂದು ವಾಲ್ವು ತೆರೆದೇ ಸಿಕ್ಕಿಕೊಂಡಿತು. ಫಲಕದ ಮೇಲಿನ ದೀಪ ಮಾತ್ರ ಮುಚ್ಚಿದೆ ಎಂಬಂತೆ ಇತ್ತು. ಯಾಕೆ? ಆ ದೀಪ ವಾಲ್ವನ್ನು ನೋಡುತ್ತಿರಲಿಲ್ಲ. ಮುಚ್ಚುವ ಆಜ್ಞೆ ಹೋಗಿದೆಯೇ ಎಂಬುದನ್ನು ಮಾತ್ರ ನೋಡುತ್ತಿತ್ತು. ಕೆಲಸಗಾರರು ಎರಡು ತಾಸಿಗೂ ಮೀರಿ ಆ ದೀಪವನ್ನು ನಂಬಿದರು. ಹೋಟೇಲಿನವರಿಗೆ ಇದು ಹೊಸದಲ್ಲ: ಮಾಣಿ "ಒಂದು ಮಸಾಲೆ" ಎಂದು ಕೂಗಿದ್ದಾನೆ ಎಂದ ಮಾತ್ರಕ್ಕೆ ದೋಸೆ ಟೇಬಲಿಗೆ ಬಂತೆಂದು ಅರ್ಥವೇ? ಆದುದರಿಂದ ವಾಲ್ವು ಮುಚ್ಚಿದೆ ಎಂದು ಪರದೆ ಹೇಳಬೇಕಾದರೆ ವಾಲ್ವಿನ ಮೈಮೇಲೆಯೇ ಒಂದು ಸ್ವಿಚ್ಚು ಇದ್ದು, ಅದರಿಂದ ಸುದ್ದಿ ಬಂದಿರಬೇಕು.

ಎಚ್ಚರಿಕೆಯ ಗಂಟೆಗಳ ಹುಚ್ಚೂ ಹಾಗೆಯೇ. ವೇಲ್ಸಿನ ಮಿಲ್‌ಫರ್ಡ್ ಹೇವನ್ ಎಂಬಲ್ಲಿಯ ಎಣ್ಣೆ ಕಾರಖಾನೆ ೧೯೯೪ರ ಜುಲೈ ೨೪ರಂದು ಸ್ಫೋಟವಾಯಿತು. ಸ್ಫೋಟಕ್ಕೆ ಮೊದಲಿನ ಕಡೆಯ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಕೆಲಸಗಾರರ ಎದುರಿಗೆ ೨೭೫ ಎಚ್ಚರಿಕೆಗಳು ಬಂದವು! ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಮದುವೆಯ ದಿನ ಎಲ್ಲ ಟೇಬಲಿನವರೂ ಒಮ್ಮೆಗೇ ಕೂಗಿದರೆ ಮಾಣಿ ನಿಂತಲ್ಲೇ ನಿಲ್ಲುತ್ತಾನೆ. ಆದುದರಿಂದ ಇದು ಪ್ರಾಣದ್ದು, ಇದು ಬಟ್ಟೆಯದ್ದು, ಇದು ಬರೇ ತಿಳುವಳಿಕೆಗೆ ಎಂದು ಎಚ್ಚರಿಕೆಗಳಲ್ಲಿ ಮೇಲುಕೆಳಗು ಮಾಡುವ ಅನುಕೂಲ ಆ ಸಾಫ್ಟ್‌ವೇರಿನಲ್ಲಿ ಇದೆಯೇ ಎಂದು ನೋಡಬೇಕು. ಬಣ್ಣಬಣ್ಣದ ಚಿತ್ರ, ತಿರುಗುವ ಪಂಪು, ಉರಿಯುವ ಬೆಂಕಿ ಇವೆಲ್ಲ ಮಾರುವವನ ಆಟ. ಬೂದು ಬಣ್ಣದ ನೆಲ, ತಪ್ಪಿದ್ದಲ್ಲಿ ಮಾತ್ರ ಕೆಂಪು, ಇಷ್ಟೇ ರಾತ್ರಿ ಪಾಳಿಯವನ ಕಣ್ಣಿಗೆ ಹಿತ.

ಭಾಷೆಯ ಮಾತನ್ನೂ ಇಲ್ಲಿಯೇ ಹೇಳುತ್ತೇನೆ. ನಮ್ಮ ಯಂತ್ರಗಳ ಬಳಿ ನಿಂತವರಲ್ಲಿ ಇಂಗ್ಲಿಷು ಓದಬಲ್ಲವರು ಎಷ್ಟು ಜನ? "ಹೈ ಪ್ರೆಶರ್" ಎಂದು ಬರೆದರೆ ಅದು ಅವರಿಗೆ ಬರೇ ಕೆಂಪು ಗೆರೆ. ಕೊಳ್ಳುವ ಮೊದಲು ಆ ಪರದೆಯಲ್ಲಿ "ಉಷ್ಣತೆ" ಎಂದೂ "ಒತ್ತಡ" ಎಂದೂ ಬರೆಸಿ ನೋಡಿ. ಕೆಲವು ಪರದೆಗಳಲ್ಲಿ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಮರಾಠಿ ಜೋಡಕ್ಷರಗಳಿಗೂ ಅದೇ ಗತಿ. ನಮ್ಮಲ್ಲಿ ಈಗ ಒಂದು ಗುಂಡಿ ಒತ್ತಿದರೆ ಮರಾಠಿ, ಇನ್ನೊಂದು ಒತ್ತಿದರೆ ಹಿಂದಿ, ಮೂರನೆಯದಕ್ಕೆ ಕನ್ನಡ. ಕನ್ನಡದ ಗುಂಡಿಯನ್ನು ನಾನು ಯಾರನ್ನೂ ಕೇಳದೆ ಹಾಕಿದ್ದು, ಮೂವರು ಒತ್ತುತ್ತಾರೆ.

ತಂತಿ ಕಟ್ಟುವವರಿಗೆ ಎರಡು ಮಾತು, ಉಳಿದವರು ಕ್ಷಮಿಸಬೇಕು. ಮಾಡ್‌ಬಸ್‌ನಲ್ಲಿ ಪುಸ್ತಕದಲ್ಲಿ ೪೦೦೦೧ ಎಂದು ಬರೆದ ಮನೆಯನ್ನು ತಂತಿಯ ಮೇಲೆ ಸೊನ್ನೆ ಎಂದು ಕರೆಯುತ್ತಾರೆ. ಒಂದು ಹೆಚ್ಚುಕಡಿಮೆಯಾದರೆ ಪಕ್ಕದ ಮನೆಯ ಸುದ್ದಿ ಬರುತ್ತದೆ. ದಶಾಂಶದ ಅಂಕೆಗಳು ಎರಡು ಮನೆಗಳಲ್ಲಿ ಇರುತ್ತವೆ, ಯಾವುದು ಮೊದಲು ಎಂಬುದು ಒಂದೊಂದು ಕಂಪನಿಯದು ಒಂದೊಂದು ತರಹ. ತಿರುವುಮುರುವಾದರೆ ಅರುವತ್ತು ಡಿಗ್ರಿ ಇರುವಾಗ ಪರದೆ ಸೊನ್ನೆ ತೋರಿಸುತ್ತದೆ. ಯಂತ್ರ ಕೆಟ್ಟಿತೆಂದು ಸೆನ್ಸಾರು ಬದಲಾಯಿಸಲು ಓಡಬೇಡಿ. ಈ ತಿರುವನ್ನು ಸರಿಪಡಿಸುವ ಅನುಕೂಲ ಸಾಫ್ಟ್‌ವೇರಿನಲ್ಲಿ ಇರಬೇಕು, ಇಲ್ಲದಿದ್ದರೆ ಸ್ಕ್ರಿಪ್ಟಿನಲ್ಲಿ ಬರೆಯಲು ಬರಬೇಕು.

ಕಳ್ಳರ ಭಯವೂ ಇದೆ. ೨೦೧೦ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹುಳು ಪೆನ್ ಡ್ರೈವಿನ ಮೂಲಕವೂ ಹರಡಿ, ಇಂಥ ಪರದೆಗಳ ಒಳಹೊಕ್ಕು, ಯಂತ್ರವನ್ನು ಕೆಡಿಸುತ್ತಲೇ ಎಲ್ಲ ಸರಿಯಾಗಿದೆ ಎಂದು ತೋರಿಸುತ್ತಿತ್ತು. ನಮ್ಮನ್ನು ಯಾರು ಕೇಳುತ್ತಾರೆ ಎನ್ನಬೇಡಿ. ಪರದೆಯ ಕಂಪ್ಯೂಟರಿಗೆ ಮೊಬೈಲು ಚುಚ್ಚಿ ಚಾರ್ಜು ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ನೋಡ್-ರೆಡ್ ಕೂರಿಸಿದವರು ಇನ್ನೂ ಎಚ್ಚರವಾಗಿರಬೇಕು. ಅದು ಹುಟ್ಟುವಾಗ ಬೀಗವಿಲ್ಲದ ಮನೆ, ಗುಪ್ತಪದವನ್ನು ನಾವೇ ಹಾಕಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರು ೨೦೨೫ರ ಅಕ್ಟೋಬರ್ ೧೪ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದರು. ಹಳೆಯ ಡಾಂಗಲಿನ ಪರದೆಗಳು ಎಷ್ಟೋ ಕಡೆ ಇನ್ನೂ ಅದಕ್ಕೇ ಅಂಟಿಕೊಂಡಿವೆ.

ಕಡೆಗೆ ನಾವು ಏನು ಮಾಡಿದೆವು? ಎಂಟು ಯಂತ್ರಗಳ ಮೇಲೂ ಎಂಟು ಸಣ್ಣ ಪ್ಯಾನೆಲುಗಳು; ದೊಡ್ಡ ಪರದೆ ಸತ್ತರೂ ಇವು ಬದುಕಿರುತ್ತವೆ. ನಡುವೆ ಒಂದು ಸಣ್ಣ ಕಂಪ್ಯೂಟರಿನಲ್ಲಿ ನೋಡ್-ರೆಡ್. ಲೆಕ್ಕ, ಪಾಳಿಯ ವರದಿ, ಬಣ್ಣದ ಪಟ್ಟಿ ಎಲ್ಲ ಅದರಲ್ಲಿ. ಬಾಯ್ಲರಿನಿಂದ ಸುದ್ದಿ ಓದುತ್ತದೆ, ಆಜ್ಞೆ ಮಾಡುವುದಿಲ್ಲ. ಎಲ್ಲ ಬರಹದ ಪ್ರತಿ ಯಜಮಾನರ ಕಪಾಟಿನಲ್ಲಿ ಒಂದು, ನನ್ನ ಮೇಜಿನಲ್ಲಿ ಒಂದು, ಗುಪ್ತಪದ ಲಕೋಟೆಯಲ್ಲಿ. ಇನ್ನೂ ದೊಡ್ಡ ಕಾರಖಾನೆಯಾಗಿದ್ದರೆ, ನೋಡಿಕೊಳ್ಳುವ ಜನ ಕಡಿಮೆ ಇದ್ದಿದ್ದರೆ, ನಾನು ಹಣ ಕೊಟ್ಟು ಇಗ್ನಿಷನ್ನನ್ನೇ ಕೊಳ್ಳಿ ಎನ್ನುತ್ತಿದ್ದೆ.

ಈಗಷ್ಟೇ ಮುಂದಿನ ಸಾಲಿನ ಸೋದರರೊಬ್ಬರು ಚೀಟಿ ಕಳಿಸಿದ್ದಾರೆ: "ಪರದೆ ಬಂದ ಮೇಲೆ ಎಷ್ಟು ಜನ ಕೆಲಸ ಕಳಕೊಂಡರು?" ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಯಾರನ್ನೂ ತೆಗೆಯಲಿಲ್ಲ. ಆದರೆ ಬಿಟ್ಟು ಹೋದ ಇಬ್ಬರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲೂ ಇಲ್ಲ. ಇನ್ನೊಂದು ಸಂಗತಿಯೂ ಆಯಿತು. ಯಾರು ಯಾವಾಗ ಯಾವ ಗುಂಡಿ ಒತ್ತಿದರೆಂದು ಪರದೆ ಬರೆದಿಡುತ್ತದೆ. ಒಂದು ಸಲ ಅದನ್ನು ನೋಡಿ ಒಬ್ಬನ ಅರ್ಧ ದಿನದ ಕೂಲಿ ಹಿಡಿದರು. ಅದೇ ದಾಖಲೆಯನ್ನು ತೆಗೆದು ನೋಡಿದಾಗ, ಉಗಿ ಬರಲು ನಲವತ್ತು ನಿಮಿಷ ತಡವಾದದ್ದು ತಿಳಿಯಿತು, ತಪ್ಪು ಅವನದ್ದಾಗಿರಲಿಲ್ಲ. ಕೂಲಿ ವಾಪಸು ಬಂತು. ಅಂದಿನಿಂದ ಪಾಳಿಯ ದಾಖಲೆಯನ್ನು ಪಾಳಿಯವನೂ ನೋಡಬಹುದಾದ ಒಂದು ಪುಟವನ್ನು ನಾನು ಸೇರಿಸಿದ್ದೇನೆ. ಪರದೆ ಆರಿಸುವಾಗ ಇದನ್ನೂ ಕೇಳಿರಿ: ಬರೆದಿಟ್ಟದ್ದನ್ನು ಯಾರು ಯಾರು ಓದಬಹುದು?

ಕಲಿಯಬೇಕೆನ್ನುವವರಿಗೆ ಒಂದು ಸೂಚನೆ. ಅಧ್ಯಕ್ಷರ ಒಪ್ಪಿಗೆಯಿಂದ ವಾಚನಾಲಯದ ಹಳೆಯ ಕಂಪ್ಯೂಟರಿನಲ್ಲಿ ನೋಡ್-ರೆಡ್ ಹಾಕಿದ್ದೇನೆ, ನಿಜವಾದ ಪಿ.ಎಲ್.ಸಿ. ಇಲ್ಲದೆಯೂ ಅದರಂತೆ ಮಾತಾಡುವ ಒಂದು ಸುಳ್ಳು ಮಾಡ್‌ಬಸ್ ಯಂತ್ರವೂ ಅದರಲ್ಲಿದೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ರವಿವಾರ, ಹೋಟೇಲಿನವರ ಮಧ್ಯಾಹ್ನದ ಬಿಡುವಿನಲ್ಲಿ, ಮೂರರಿಂದ ಐದರ ತನಕ ನಾನು ಇಲ್ಲಿ ಇರುತ್ತೇನೆ. ಇಂಗ್ಲಿಷು ಬಾರದಿದ್ದರೂ ಬನ್ನಿ, ಕೂಡಿಸುವ ಗುಣಿಸುವ ಲೆಕ್ಕ ಬಂದರೆ ಸಾಕು. ಆ ಕಂಪ್ಯೂಟರಿನ ಕೀಲಿಮಣೆಯಲ್ಲಿ ನಾಲ್ಕು ಅಕ್ಷರ ಒತ್ತುವುದಿಲ್ಲ. ಯಾರ ಮನೆಯಲ್ಲಾದರೂ ಹಳೆಯದೊಂದು ಇದ್ದರೆ ಬರುವಾಗ ತನ್ನಿ.